ಕೊಳಗದಿಂದ ಕಾಯ್ದೆಯವರೆಗೆ

(ಕ್ಯಾಸಲ್‌ನಾಕ್‌ನಲ್ಲಿ ನಡೆದ ಸಂಘದ ಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದ ಹುಟ್ಟುಹಬ್ಬದ ದಿನ, ಪಕ್ಕದ ಕೋಣೆಯಿಂದ ಬಿಸಿಬೇಳೆಭಾತಿನ ಪರಿಮಳ ಬರುತ್ತಿರುವ ಹೊತ್ತಿನಲ್ಲಿ, ಶಾಸನಸಭೆಯ ವಿಚಾರ ಮಾತನಾಡಲು ನಿಲ್ಲುವುದು ಸಾಹಸವೇ ಸರಿ. ‘ಒಬ್ಬ ಶಾಸಕನ ದೃಷ್ಟಿಯಲ್ಲಿ ಸಾರ್ವಜನಿಕ ಸಮಸ್ಯೆಗಳು ಮತ್ತು ಕಾನೂನು ರಚನೆ’ ಎಂಬ ವಿಷಯವನ್ನು ಕಾರ್ಯಕಾರಿ ಸಮಿತಿಯವರು ನಮಗೆ ಕೊಟ್ಟಿದ್ದಾರೆ. ನಾವು ಶಾಸಕರಲ್ಲ, ವಕೀಲರೂ ಅಲ್ಲ. ಆದ್ದರಿಂದ ನಾಡು ಕಂಡ ಒಬ್ಬ ಶಾಸಕರನ್ನು ಆರಿಸಿಕೊಂಡು, ಅವರ ದೃಷ್ಟಿಯಿಂದಲೇ ಈ ವಿಷಯವನ್ನು ನೋಡುವ ಪ್ರಯತ್ನ ಮಾಡುತ್ತೇವೆ. ಅವರು ಶಾಂತವೇರಿ ಗೋಪಾಲಗೌಡರು.

ಶಾಸಕ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಬೆಳಿಗ್ಗೆ ಏಳು ಗಂಟೆಗೆ ಅವರ ಮನೆಯ ಮುಂದೆ ಸೇರಿರುವ ಜನ. ಒಬ್ಬರಿಗೆ ವರ್ಗಾವಣೆ, ಒಬ್ಬರಿಗೆ ಕಾಲೇಜಿನ ಸೀಟು, ಇನ್ನೊಬ್ಬರಿಗೆ ಬೋರ್‌ವೆಲ್. ಮದುವೆಗೆ ಬರಲೇಬೇಕೆಂಬ ಒತ್ತಾಯ ಬೇರೆ. ಇಲ್ಲಿನ ಟಿ.ಡಿ.ಗಳ ಪಾಡೂ ಹೆಚ್ಚು ಬೇರೆಯಲ್ಲ. ಅವರು ಜನರನ್ನು ಕಾಣುವುದಕ್ಕೆ ‘ಕ್ಲಿನಿಕ್’ ಎಂದೇ ಹೆಸರು. ಹೊಸದಾಗಿ ಬಂದ ಕೆಲವರು ಆ ಹೆಸರು ಕೇಳಿ ಟಿ.ಡಿ. ಡಾಕ್ಟರಿರಬೇಕು ಎಂದುಕೊಳ್ಳುವುದುಂಟು! ಜನರ ಅಹವಾಲು ಕೇಳುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ಶಾಸಕ ಎಂಬ ಪದದಲ್ಲಿ ಶಾಸನವಿದೆ. ಕಾನೂನು ಮಾಡುವುದು ಅವರ ಮೊದಲನೆಯ ಕೆಲಸ. ಆ ಕೆಲಸ ತಡವಾದರೆ, ಕೆಟ್ಟರೆ, ಅದರ ಬೆಲೆಯನ್ನು ತೆರುವವರು ಸದನದ ಹೊರಗಿರುವ ಜನ. ಇಂದು ನಾವು ಹೇಳಬೇಕಾದದ್ದು ಇಷ್ಟೇ.

ಗೋಪಾಲಗೌಡರು ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಜೈಲು ಕಂಡವರು. ಸ್ವಾತಂತ್ರ್ಯ ಬಂದ ಮೇಲೆ ಸಮಾಜವಾದಿ ಪಕ್ಷ ಸೇರಿದರು. ಅವರ ಹೆಸರು ನಾಡಿಗೆ ತಿಳಿದದ್ದು ಕಾಗೋಡು ಸತ್ಯಾಗ್ರಹದಿಂದ.

ಮಕ್ಕಳಿಗಾಗಿ ಆ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಗೋಡು ಸಾಗರ ತಾಲ್ಲೂಕಿನ ಒಂದು ಸಣ್ಣ ಊರು. ಅಲ್ಲಿ ಗದ್ದೆ ಉಳುವವರು ಬೇರೆ, ಗದ್ದೆಯ ಒಡೆಯರು ಬೇರೆ. ಉಳುವವನು ಸುಗ್ಗಿಯಲ್ಲಿ ಒಡೆಯರಿಗೆ ಗೇಣಿ ಎಂದು ಭತ್ತ ಅಳೆಯಬೇಕು. ಅಳೆಯುವ ಪಾತ್ರೆಗೆ ಕೊಳಗ ಎನ್ನುತ್ತಾರೆ. ಒಡೆಯರ ಮನೆಯ ಕೊಳಗ ಸರಕಾರಿ ಅಳತೆಯ ಕೊಳಗಕ್ಕಿಂತ ದೊಡ್ಡದು. ಹೀಗಾಗಿ ಲೆಕ್ಕದಲ್ಲಿ ಇರುವ ಗೇಣಿ ಒಂದು, ಕಣದಿಂದ ಹೋಗುವ ಭತ್ತ ಮತ್ತೊಂದು. ಸರಿಯಾದ ಕೊಳಗದಲ್ಲಿ ಅಳೆಯೋಣ ಎಂದು ಗೇಣಿದಾರರು ಕೇಳಿದರು. ಶಾಲಾ ಉಪಾಧ್ಯಾಯರಾಗಿದ್ದ ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಕೇಳಿದ್ದಕ್ಕೆ ಸಿಕ್ಕಿದ್ದು ಗದ್ದೆಗೆ ಇಳಿಯಬಾರದೆಂಬ ಅಪ್ಪಣೆ. 1951ರ ಏಪ್ರಿಲ್ 18ರಂದು ರೈತರು ನೇಗಿಲು ಹೊತ್ತು ಗದ್ದೆಗೆ ಇಳಿದು ಬಂಧನಕ್ಕೆ ಒಳಗಾದರು. ಗೋಪಾಲಗೌಡರು ಮುಂದೆ ನಿಂತರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಸೆರೆಯಾದರು. ಇದೆಲ್ಲ ನಡೆದದ್ದು ಕೈ ಎತ್ತದೆ, ಕಲ್ಲು ತೂರದೆ.

ಮರುವರ್ಷ ಚುನಾವಣೆ ಬಂತು. 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ಆರಿಸಿ ಬಂದರು. ಇಪ್ಪತ್ತೊಂಬತ್ತು ವರ್ಷದ ಯುವಕ. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಮೂರು ಬಾರಿ ಶಾಸಕರಾದರೂ ಕುಳಿತದ್ದು ವಿರೋಧ ಪಕ್ಷದ ಸಾಲಿನಲ್ಲಿಯೇ. ಮಂತ್ರಿಯಾಗಲಿಲ್ಲ, ಆಸ್ತಿ ಮಾಡಲಿಲ್ಲ. 1972ರ ಜೂನ್ 9ರಂದು ತೀರಿಕೊಂಡಾಗ ಅವರಿಗೆ ಐವತ್ತೂ ತುಂಬಿರಲಿಲ್ಲ. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯನ್ನು ಓದಿದವರಿಗೆ ಅದರ ನಾಯಕನ ಹಿಂದೆ ಗೋಪಾಲಗೌಡರ ಬದುಕಿನ ನೆರಳಿರುವುದು ಗೊತ್ತಿರುತ್ತದೆ.

ಅವರು ಸದನದ ಒಳಗೂ ಹೊರಗೂ ಹಿಡಿದ ಮಾತುಗಳು ಮುಖ್ಯವಾಗಿ ಮೂರು. ಉಳುವವನೇ ನೆಲದೊಡೆಯನಾಗಬೇಕು. ಜನರ ಆಡಳಿತ ಜನರ ಭಾಷೆಯಲ್ಲಿ ನಡೆಯಬೇಕು. ಒಂದಾದ ನಾಡಿಗೆ ಮೈಸೂರು ಎಂಬುದಲ್ಲ, ಕರ್ನಾಟಕ ಎಂಬ ಹೆಸರಿರಬೇಕು. ಈ ಮೂರೂ ಬೇರೆ ಬೇರೆ ಬೇಡಿಕೆಗಳಂತೆ ಕಂಡರೂ ಮೂಲದಲ್ಲಿ ಒಂದೇ. ತನ್ನ ಗದ್ದೆಯ ಮೇಲೆ ಹಕ್ಕಿಲ್ಲದವನು, ಕಚೇರಿಯ ಕಾಗದ ಓದಲಾರದವನು ಹೆಸರಿಗೆ ಮಾತ್ರ ಪ್ರಜೆ ಎಂಬುದು ಅವರ ನಿಲುವಾಗಿತ್ತು.

ಇನ್ನು ಈ ಬೇಡಿಕೆಗಳು ಕಾನೂನಾದ ಬಗೆಯನ್ನು ನೋಡೋಣ. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಒಂದಾದ ನಾಡಿನಲ್ಲಿ ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು, ಮೈಸೂರು ಎಂದು ಕಡೆಕಡೆಗೆ ಬೇರೆ ಗೇಣಿ ಕಾನೂನು. ಅವನ್ನೆಲ್ಲ ಒಂದು ಮಾಡಲು 1957ರಲ್ಲಿ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. 1961ರಲ್ಲಿ ಭೂ ಸುಧಾರಣಾ ಕಾಯ್ದೆ ರೂಪುಗೊಂಡಿತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸಮಿತಿಯಿಂದ ಜಾರಿಯವರೆಗೆ ಎಂಟು ವರ್ಷ! ಬಂದ ಕಾಯ್ದೆಯಲ್ಲಿಯೂ ಒಡೆಯನು ‘ನಾನೇ ಸಾಗುವಳಿ ಮಾಡುತ್ತೇನೆ’ ಎಂದು ಹೇಳಿ ಜಮೀನು ಹಿಂದಕ್ಕೆ ಪಡೆಯುವ ದಾರಿ ಉಳಿದಿತ್ತು. ಕಾನೂನು ಬರುತ್ತದೆ ಎಂಬ ಸುದ್ದಿ ಮೊದಲು ಮುಟ್ಟಿದ್ದು ಓದುಬರಹ ಬಲ್ಲ ಒಡೆಯರ ಮನೆಗೆ. ಆ ಅವಧಿಯಲ್ಲಿ ಎಷ್ಟೋ ಒಕ್ಕಲುಗಳು ತಲೆಮಾರುಗಳಿಂದ ಉಳುತ್ತಿದ್ದ ಗದ್ದೆಯನ್ನು ಬಿಟ್ಟು ಹೊರನಡೆಯಬೇಕಾಯಿತು.

ಆ ದಾರಿಯನ್ನು ಮುಚ್ಚಿದ್ದು ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ. 1974ರ ಮಾರ್ಚ್ 1ರಿಂದ ಗೇಣಿಯಲ್ಲಿದ್ದ ಜಮೀನೆಲ್ಲ ಸರಕಾರಕ್ಕೆ ಸೇರಿತು. ಉಳುತ್ತಿದ್ದವನು ಫಾರಂ ನಂಬರ್ 7ರಲ್ಲಿ ಅರ್ಜಿ ಕೊಡಬೇಕು. ನಮ್ಮ ಕಡೆ ಇದಕ್ಕೆ ‘ಡಿಕ್ಲರೇಷನ್ ಕೊಡುವುದು’ ಎನ್ನುತ್ತಿದ್ದರು. ಅರ್ಜಿಯ ವಿಚಾರಣೆ ಸಿವಿಲ್ ಕೋರ್ಟಿನಲ್ಲಲ್ಲ, ತಾಲ್ಲೂಕಿನ ಭೂನ್ಯಾಯ ಮಂಡಳಿಯಲ್ಲಿ. ಮಂಡಳಿಯ ಮುಂದೆ ವಕೀಲರಿಗೆ ಅವಕಾಶವಿಲ್ಲವೆಂದು ಕಾಯ್ದೆಯಲ್ಲೇ ಬರೆದಿದ್ದರು. ಹಣವಿರುವವನು ದೊಡ್ಡ ವಕೀಲನನ್ನು ತಂದರೆ ಒಕ್ಕಲಿನವನ ಬಾಯಿ ಕಟ್ಟುತ್ತದೆ ಎಂಬುದನ್ನು ಕಾಯ್ದೆ ಬರೆದವರು ಬಲ್ಲವರಾಗಿದ್ದರು. ಕಾನೂನು ರಚನೆಯಲ್ಲಿ ಒಂದು ವಾಕ್ಯ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತಿಳಿಯದು.

ನಾಡಿನ ಹೆಸರಿನ ಕಥೆಯೂ ಹಾಗೆಯೇ. ಕರ್ನಾಟಕವೆಂದು ಕರೆಯಬೇಕೆಂಬ ನಿರ್ಣಯವನ್ನು ಶಾಸನಸಭೆ ಒಪ್ಪಿದ್ದು 1972ರ ಜುಲೈಯಲ್ಲಿ. ಗೋಪಾಲಗೌಡರು ತೀರಿಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಹೆಸರು ಬದಲಾದದ್ದು 1973ರ ನವೆಂಬರ್ 1ರಂದು. ಅವರು ಕೇಳಿದ ಹೆಸರನ್ನೂ ಕೇಳಿದ ಕಾಯ್ದೆಯನ್ನೂ ತಂದದ್ದು ಅವರು ಎದುರು ಸಾಲಿನಲ್ಲಿ ಕುಳಿತು ಪ್ರಶ್ನಿಸುತ್ತಿದ್ದ ಪಕ್ಷದವರೇ. ಅವರು ಬದುಕಿದ್ದು ಅದನ್ನು ನೋಡಲಿಲ್ಲ. ಹಾಗಾದರೆ ಅವರ ಶಾಸಕತ್ವ ವ್ಯರ್ಥವಾಯಿತೇ? ಇಲ್ಲವೆಂದೇ ನಾವು ಭಾವಿಸುತ್ತೇವೆ. ಸದನದಲ್ಲಿ ಒಬ್ಬರು ಬಿಡದೆ ಕೇಳಿದ ಮಾತು ಮುಂದೊಮ್ಮೆ ಇನ್ನೊಬ್ಬರ ಮಸೂದೆಯಾಗುತ್ತದೆ. ಮಸೂದೆಯನ್ನು ಸಹಿಮಾಡಿ ತಂದವರಷ್ಟೇ ಅದನ್ನು ಮಾಡಿದವರಲ್ಲ.

ಬಂಧುಗಳೇ, ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಅಜ್ಜ ಡಿಕ್ಲರೇಷನ್ ಕೊಟ್ಟವರು. ಆ ಎರಡು ಎಕರೆ ಗದ್ದೆಯ ಪಹಣಿಯಲ್ಲಿ ಹೆಸರು ಬಂದ ಮೇಲೆಯೇ ನಮ್ಮ ತಂದೆಯವರು ಹೈಸ್ಕೂಲು ದಾಟಿದ್ದು. ಅಲ್ಲಿಂದ ನಾವು ಐರ್ಲೆಂಡಿನವರೆಗೆ ಬಂದೆವು. ಇದೇ ಸಭಾಂಗಣದಲ್ಲಿ ಕುಳಿತಿರುವ ನಮ್ಮ ಆಪ್ತ ಮಿತ್ರರೊಬ್ಬರ ಅಜ್ಜಿ, ಗಂಡನನ್ನು ಕಳೆದುಕೊಂಡು, ಗೇಣಿ ಭತ್ತದ ಮೇಲೆಯೇ ಮಕ್ಕಳನ್ನು ಸಾಕುತ್ತಿದ್ದವರು. ಅದೇ ಕಾಯ್ದೆಯಲ್ಲಿ ಅವರ ಗದ್ದೆ ಹೋಯಿತು. ಅವರು ದೊಡ್ಡ ಜಮೀನುದಾರರೇನಲ್ಲ. ಬಂದ ಪರಿಹಾರ ಕೈಗೆ ಹತ್ತಲಿಲ್ಲವೆಂದು ಅವರ ಮನೆಯಲ್ಲಿ ಇಂದಿಗೂ ನೋವಿದೆ. ಯುಗಾದಿಗೆ ನಾವಿಬ್ಬರೂ ಒಂದೇ ಪಂಕ್ತಿಯಲ್ಲಿ ಹೋಳಿಗೆ ಉಣ್ಣುತ್ತೇವೆ, ಆದರೆ ಹಲವು ವರ್ಷ ಈ ಮಾತನ್ನು ಎತ್ತಿರಲಿಲ್ಲ. ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಎತ್ತಿದೆವು. ನಮ್ಮಿಬ್ಬರಿಗೂ ಒಪ್ಪಿಗೆಯಾದದ್ದು ಒಂದೇ: ಕಾಯ್ದೆ ನ್ಯಾಯವಾದದ್ದು, ಆದರೆ ವಿಧವೆಯ ಎರಡು ಎಕರೆಗೂ ದೊಡ್ಡ ಒಡೆಯನ ಇನ್ನೂರು ಎಕರೆಗೂ ವ್ಯತ್ಯಾಸ ಕಾಣುವಷ್ಟು ಸೂಕ್ಷ್ಮ ಅದರಲ್ಲಿ ಇನ್ನೂ ಇರಬೇಕಿತ್ತು. ಅಂಥ ಸೂಕ್ಷ್ಮ ಬರುವುದು ಸದನದಲ್ಲಿ ಕಲಮು ಕಲಮಾಗಿ ಚರ್ಚೆ ನಡೆದಾಗ ಮಾತ್ರ.

ಗೇಣಿಯ ಕಥೆ ನಮ್ಮದು ಮಾತ್ರವೆಂದು ತಿಳಿಯಬೇಡಿ. ನಾವು ಈಗ ನಿಂತಿರುವ ನೆಲದ್ದೂ ಅದೇ ಕಥೆ. ಮೇಯೋ ಪ್ರಾಂತದ ಮೈಕೆಲ್ ಡ್ಯಾವಿಟ್ ಎಂಬುವರ ಸಂಸಾರವನ್ನು ಗೇಣಿ ಬಾಕಿಗಾಗಿ ಮನೆಯಿಂದ ಹೊರಹಾಕಿದಾಗ ಅವರು ಇನ್ನೂ ಹಸುಳೆ. ಬೆಳೆದು ದೊಡ್ಡವರಾಗಿ 1879ರಲ್ಲಿ ಲ್ಯಾಂಡ್ ಲೀಗ್ ಸ್ಥಾಪಿಸಿದರು. ಅದರ ಅಧ್ಯಕ್ಷರಾದ ಪಾರ್ನೆಲ್ ಪಾರ್ಲಿಮೆಂಟಿನ ಸದಸ್ಯರು. ನಾವು ದಿನಬಳಕೆಯಲ್ಲಿ ಆಡುವ ‘ಬಾಯ್ಕಾಟ್’ ಎಂಬ ಮಾತು ಹುಟ್ಟಿದ್ದು 1880ರಲ್ಲಿ, ಅದೇ ಮೇಯೋದಲ್ಲಿ. ಒಡೆಯರ ಏಜೆಂಟನಾಗಿದ್ದ ಕ್ಯಾಪ್ಟನ್ ಬಾಯ್ಕಾಟನಿಗೆ ಊರವರು ಹಾಕಿದ ಬಹಿಷ್ಕಾರದಿಂದ. 1881ರ ಕಾಯ್ದೆ ನ್ಯಾಯವಾದ ಗೇಣಿಯನ್ನೂ ಸ್ಥಿರವಾದ ಹಿಡುವಳಿಯನ್ನೂ ಒಪ್ಪಿತು. 1903ರ ಕಾಯ್ದೆ ಗೇಣಿದಾರರಿಗೆ ಸಾಲ ಕೊಟ್ಟು ಜಮೀನು ಕೊಳ್ಳಲು ದಾರಿ ಮಾಡಿತು.

ನಾವು ಭಾನುವಾರ ಮಕ್ಕಳೊಂದಿಗೆ ಕ್ಯಾಸಲ್‌ನಾಕ್ ಗೇಟಿನಿಂದ ಫೀನಿಕ್ಸ್ ಪಾರ್ಕಿಗೆ ಹೋಗಿ ಜಿಂಕೆ ನೋಡುತ್ತೇವಲ್ಲ, ಅದೇ ಪಾರ್ಕಿನಲ್ಲಿ 1882ರ ಮೇ 6ರಂದು ಸರಕಾರದ ಇಬ್ಬರು ಹಿರಿಯ ಅಧಿಕಾರಿಗಳ ಕೊಲೆಯಾಯಿತು. ಪಾರ್ನೆಲ್ ಜೈಲಿನಿಂದ ಬಿಡುಗಡೆಯಾಗಿ ನಾಲ್ಕೇ ದಿನವಾಗಿತ್ತು. ಅವರು ಆ ಕೊಲೆಯನ್ನು ಖಂಡಿಸಿದರು. ಕೊಲೆಗಾರರ ಚಾಕುವಿನಿಂದ ಒಬ್ಬ ಗೇಣಿದಾರನಿಗೂ ಒಂದು ಎಕರೆ ಸಿಗಲಿಲ್ಲ. ಸಿಕ್ಕಿದ್ದು ಜನರ ಒಗ್ಗಟ್ಟಿನಿಂದ ಮತ್ತು ಕಾಯ್ದೆಯಿಂದ. ಇನ್ನೊಂದು ನಂಟನ್ನೂ ಹೇಳಿಬಿಡುತ್ತೇವೆ. ಸಂಪತ್ತಿನ ಒಡೆತನ ಸರ್ವರ ಹಿತಕ್ಕೆ ಒದಗುವಂತೆ ಹಂಚಿಕೆಯಾಗಬೇಕೆಂಬ ತತ್ತ್ವ ಭಾರತದ ಸಂವಿಧಾನದ 39ನೆಯ ವಿಧಿಯಲ್ಲಿದೆ. ನಮ್ಮ ಸಂವಿಧಾನ ರಚಿಸಿದವರು ಇಂಥ ನಿರ್ದೇಶಕ ತತ್ತ್ವಗಳಿಗೆ ಮಾದರಿಯಾಗಿ ತೆಗೆದುಕೊಂಡದ್ದು ಐರ್ಲೆಂಡಿನ 1937ರ ಸಂವಿಧಾನವನ್ನು. ಅಜ್ಜನ ಗದ್ದೆಯ ಕಾಯ್ದೆಗೂ ಮೊಮ್ಮಗ ವಾಸಿಸುವ ದೇಶಕ್ಕೂ ಹೀಗೊಂದು ಸಂಬಂಧ.

ಕಾನೂನು ತಡವಾದರೆ ಬೆಲೆ ತೆರುವವರು ಯಾರು ಎಂಬ ಪ್ರಶ್ನೆಗೆ ಈ ದೇಶದಲ್ಲಿ ಉತ್ತರ ಸಿಕ್ಕಿದ್ದು ನಮ್ಮದೇ ನಾಡಿನ ಒಬ್ಬ ಹೆಣ್ಣುಮಗಳ ಸಾವಿನಲ್ಲಿ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಗಾಲ್ವೇಯಲ್ಲಿ ತೀರಿಕೊಂಡರು. ವಯಸ್ಸು 31. ತಾಯಿಯ ಜೀವಕ್ಕೆ ಅಪಾಯವಿದ್ದಾಗ ಗರ್ಭ ತೆಗೆಯಬಹುದೆಂದು ಇಲ್ಲಿನ ಸುಪ್ರೀಂ ಕೋರ್ಟು 1992ರಲ್ಲಿಯೇ ಹೇಳಿತ್ತು. ಆದರೆ ಯಾವಾಗ, ಹೇಗೆ, ಯಾರು ನಿರ್ಧರಿಸಬೇಕು ಎಂಬುದಕ್ಕೆ ಶಾಸನಸಭೆ ಇಪ್ಪತ್ತು ವರ್ಷ ಕಾನೂನು ಮಾಡಲಿಲ್ಲ. ಒಂದರ ಹಿಂದೆ ಒಂದು ಸರಕಾರ ಆ ಕಷ್ಟದ ವಿಷಯವನ್ನು ಮುಂದಕ್ಕೆ ತಳ್ಳಿತು. ಕಾಯ್ದೆ ಬಂದದ್ದು 2013ರಲ್ಲಿ, ಸವಿತಾ ಹೋದ ಮೇಲೆ. 2018ರ ಮೇ 25ರ ಜನಮತದಲ್ಲಿ ಶೇಕಡಾ 66.4ರಷ್ಟು ಮಂದಿ ಸಂವಿಧಾನದ ಎಂಟನೆಯ ತಿದ್ದುಪಡಿಯನ್ನು ತೆಗೆಯಲು ಒಪ್ಪಿದರು. ಹೊಸ ಕಾಯ್ದೆ 2019ರ ಜನವರಿ 1ರಿಂದ ಜಾರಿಗೆ ಬಂತು. ಆ ವಿಷಯದಲ್ಲಿ ನಮ್ಮೊಳಗೇ ಬೇರೆ ಬೇರೆ ಅಭಿಪ್ರಾಯಗಳಿವೆ. ಅದು ಸಹಜ. ಆದರೆ ‘ಇದು ಇವರ ದೇಶದ ಕಾನೂನು, ನಮಗೇಕೆ?’ ಎಂದು ಹೇಳುವ ಹಕ್ಕು ಮಾತ್ರ ಆ ದಿನದ ನಂತರ ನಮಗೆ ಉಳಿದಿಲ್ಲ.

ಇನ್ನು ಇತ್ತೀಚಿನ ಸಂಗತಿಗಳು. 1961ರ ಅದೇ ಭೂ ಸುಧಾರಣಾ ಕಾಯ್ದೆಯಲ್ಲಿ 79ಎ, 79ಬಿ ಎಂಬ ಕಲಮುಗಳಿದ್ದವು. ಕೃಷಿಕರಲ್ಲದವರು, ಹೊರಗಿನ ವರಮಾನ ಹೆಚ್ಚಿರುವವರು ಸಾಗುವಳಿ ಜಮೀನು ಕೊಳ್ಳದಂತೆ ಅವು ತಡೆಯುತ್ತಿದ್ದವು. 2020ರ ಜುಲೈಯಲ್ಲಿ ಸುಗ್ರೀವಾಜ್ಞೆಯ ಮೂಲಕ ಅವನ್ನು ತೆಗೆಯಲಾಯಿತು. ಡಿಸೆಂಬರಿನಲ್ಲಿ ಶಾಸನಸಭೆಯ ಒಪ್ಪಿಗೆ ದೊರೆಯಿತು. ಕೃಷಿಗೆ ಹೊಸ ಬಂಡವಾಳ ಬರುತ್ತದೆ, ಮಾರುವ ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆ ಎಂದು ಒಂದು ಪಕ್ಷ. ಉಳುವವನ ಕೈಗೆ ಬಂದ ನೆಲ ಮತ್ತೆ ಉಳ್ಳವನ ಕೈಗೆ ಹೋಗುತ್ತದೆ ಎಂದು ಇನ್ನೊಂದು ಪಕ್ಷ. ಇದು ನಮಗೂ ಸಂಬಂಧಪಟ್ಟ ಮಾತು. ವಿದೇಶಿ ವಿನಿಮಯದ ನಿಯಮದಂತೆ ಅನಿವಾಸಿಗಳಾದ ನಾವು ಸಾಗುವಳಿ ಜಮೀನನ್ನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಪಡೆಯಬಹುದು. ಅಪ್ಪ ಅಮ್ಮನ ಕಾಲಾನಂತರ ಆ ಗದ್ದೆಯನ್ನು ಯಾರಿಗೆ ಬಿಟ್ಟುಕೊಡುತ್ತೇವೆ ಎಂಬುದು ನಮ್ಮಲ್ಲಿ ಅನೇಕರ ಮನೆಯ ಪ್ರಶ್ನೆ. ತಿದ್ದುಪಡಿ ಸರಿಯೋ ತಪ್ಪೋ ಎಂಬುದರಲ್ಲಿ ನಿಮ್ಮ ಅಭಿಪ್ರಾಯ ನಿಮಗೆ. ನಮ್ಮ ಆಕ್ಷೇಪ ಇರುವುದು ರೀತಿಯಲ್ಲಿ. ಅರ್ಧ ಶತಮಾನ ನಿಂತ ಕಲಮನ್ನು ತೆಗೆಯುವ ಮೊದಲು ಸದನದಲ್ಲಿ ಮಾತಾಗಬೇಕಿತ್ತು, ಆಮೇಲಲ್ಲ.

ಮಾತಾಗಬೇಕಾದರೆ ಸದನ ಸೇರಬೇಕು. ಕರ್ನಾಟಕದ ಶಾಸನಮಂಡಲ 2005ರಲ್ಲಿ ತನಗೆ ತಾನೇ ಒಂದು ಕಾಯ್ದೆ ಮಾಡಿಕೊಂಡಿತು: ವರ್ಷಕ್ಕೆ ಕನಿಷ್ಠ 60 ದಿನ ಕಲಾಪ ನಡೆಸಬೇಕೆಂದು. ಬಹುತೇಕ ವರ್ಷಗಳಲ್ಲಿ ಅದು ಪಾಲನೆಯಾಗಿಲ್ಲ. ಕಾನೂನು ಮಾಡುವವರೇ ತಮ್ಮ ಕಾನೂನನ್ನು ಹೀಗೆ ನೋಡಿದರೆ ಗದ್ದಲದಲ್ಲಿ ಮಸೂದೆಗಳು ಚರ್ಚೆಯಿಲ್ಲದೆ ಪಾಸಾಗುವುದರಲ್ಲಿ ಆಶ್ಚರ್ಯವೇನಿದೆ?

ಇಲ್ಲಿಗೆ ಬಂದರೆ, ಈಗ ಗೇಣಿದಾರರು ನಾವೇ! ಡಬ್ಲಿನ್‌ನಲ್ಲಿ ಮನೆ ಬಾಡಿಗೆಯ ಕಷ್ಟವನ್ನು ಹೊಸದಾಗಿ ಬಂದ ನರ್ಸುಗಳೂ ಇಂಜಿನಿಯರುಗಳೂ ಬಲ್ಲರು. ಬಾಡಿಗೆ ಏರಿಕೆಗೆ ಮಿತಿ ಹಾಕುವ ಕಾಯ್ದೆ 2016ರ ಡಿಸೆಂಬರಿನಲ್ಲಿ ಬಂತು. ಮೊದಲು ವರ್ಷಕ್ಕೆ ಶೇಕಡಾ 4, 2021ರ ಕೊನೆಗೆ ಗರಿಷ್ಠ ಶೇಕಡಾ 2 ಎಂದಾಯಿತು. 2025ರಲ್ಲಿ ಬಾಡಿಗೆ ನಿಯಂತ್ರಣ ಇಡೀ ದೇಶಕ್ಕೆ ವಿಸ್ತರಿಸಿತು. ನಿಯಂತ್ರಣ ಬಿಗಿಯಾದರೆ ಮನೆ ಕೊಡುವವರೇ ಕಡಿಮೆಯಾಗುತ್ತಾರೆ ಎನ್ನುವವರೂ ಇದ್ದಾರೆ. ಕಾಗೋಡಿನ ಕೊಳಗದ ಪ್ರಶ್ನೆಯೇ ಇಲ್ಲಿ ಬೇರೆ ರೂಪದಲ್ಲಿ ಬಂದಿದೆ: ಅಳತೆ ಯಾವುದು, ಅದನ್ನು ನಿರ್ಧರಿಸುವವರು ಯಾರು?

ಹಾಗಾದರೆ ನಾವೇನು ಮಾಡಬಹುದು? ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಅನಿವಾಸಿ ಮತದಾರರಾಗಿ ಊರಿನ ಪಟ್ಟಿಗೆ ಸೇರಬಹುದು, ಆದರೆ ಮತ ಹಾಕಲು ಅಲ್ಲಿಗೇ ಹೋಗಬೇಕು. ಐರಿಷ್ ಪೌರತ್ವ ಪಡೆದು ಒ.ಸಿ.ಐ. ಕಾರ್ಡು ಹೊಂದಿರುವವರಿಗೆ ಅಲ್ಲಿ ಮತವಿಲ್ಲ, ಇಲ್ಲಿ ಎಲ್ಲ ಚುನಾವಣೆಗಳಲ್ಲೂ ಮತವಿದೆ. ಬಹಳ ಮಂದಿಗೆ ತಿಳಿಯದ ವಿಷಯವೊಂದಿದೆ. ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಲು ಈ ದೇಶದಲ್ಲಿ ಪೌರತ್ವವೇ ಬೇಕಿಲ್ಲ. ಹದಿನೆಂಟು ತುಂಬಿ, ಇಲ್ಲಿ ವಾಸವಾಗಿದ್ದು, ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಫಿಂಗಲ್ ಕೌಂಟಿ ಕೌನ್ಸಿಲಿನ 40 ಸ್ಥಾನಗಳಲ್ಲಿ ಕ್ಯಾಸಲ್‌ನಾಕ್ ವಿಭಾಗದ್ದು ಆರು. ವೀಸಾದ ಮೇಲೆ ನಿನ್ನೆ ಮೊನ್ನೆ ಬಂದ ನಮ್ಮ ಹುಡುಗ ಹುಡುಗಿಯರಿಗೂ ಈ ಆರು ಮಂದಿಯನ್ನು ಆರಿಸುವ ಹಕ್ಕಿದೆ. ಆ ಹಕ್ಕಿಗೆ ಬೇಕಾದ ಅರ್ಜಿಯನ್ನು ತುಂಬದೆ ಕುಳಿತವರು ನಮ್ಮಲ್ಲಿ ಎಷ್ಟು ಮಂದಿ!

ಆದ್ದರಿಂದ ಸಂಘಕ್ಕೆ ನಮ್ಮದೊಂದು ಸಲಹೆ. ಯುಗಾದಿ, ರಾಜ್ಯೋತ್ಸವದ ದಿನ ಬಾಗಿಲ ಬಳಿ ಒಂದು ಮೇಜು ಹಾಕಿ, ಮತದಾರರ ಪಟ್ಟಿಗೆ ಹೆಸರು ಸೇರಿಸಲು ನೆರವಾಗೋಣ. ಪಕ್ಷ ಯಾವುದೆಂದು ಯಾರೂ ಯಾರನ್ನೂ ಕೇಳುವುದು ಬೇಡ. ಎರಡನೆಯದಾಗಿ, ಇಲ್ಲಿನ ಕೌನ್ಸಿಲರರಾಗಲಿ, ಟಿ.ಡಿ.ಯಾಗಲಿ, ಊರಿನಿಂದ ಬಂದ ಶಾಸಕರಾಗಲಿ ನಮ್ಮ ವೇದಿಕೆಗೆ ಬಂದಾಗ ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆಸಿಕೊಂಡು ಕಳಿಸುವುದಷ್ಟೇ ಸಾಲದು. ‘ಸ್ವಾಮಿ, ಈ ವರ್ಷ ಸದನದಲ್ಲಿ ಯಾವ ಮಸೂದೆಯ ಮೇಲೆ ಏನು ಮಾತನಾಡಿದಿರಿ?’ ಎಂದು ವಿನಯದಿಂದ ಒಂದು ಪ್ರಶ್ನೆ ಕೇಳೋಣ. ಒಳ್ಳೆಯ ಶಾಸಕರಿಗೆ ಈ ಪ್ರಶ್ನೆಯಿಂದ ಸಂತೋಷವೇ ಆದೀತು, ಏಕೆಂದರೆ ಅವರನ್ನು ಯಾರೂ ಅದನ್ನು ಕೇಳುವುದಿಲ್ಲ.

ಕೊನೆಯದಾಗಿ ಮಕ್ಕಳಿಗೆ ಒಂದು ಮಾತು. ಊಟದ ಹೊತ್ತಿಗೆ ಅನ್ನ ಬಡಿಸುವಾಗ ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ: ‘ನಮ್ಮ ಮನೆಯ ಭತ್ತವನ್ನು ಯಾರು ಅಳೆಯುತ್ತಿದ್ದರು, ಯಾವ ಕೊಳಗದಲ್ಲಿ?’ ಅವರು ಹೇಳುವ ಉತ್ತರ ಕೆಲವರ ಮನೆಯಲ್ಲಿ ಒಂದು ಬಗೆ, ಕೆಲವರ ಮನೆಯಲ್ಲಿ ಇನ್ನೊಂದು ಬಗೆ ಇದ್ದೀತು. ಎರಡನ್ನೂ ಕೇಳಿಸಿಕೊಳ್ಳಿ.